ಹಿಡಿದು ಬಿಡೋ ಆಟ

ನಮ್ಮದು ಬಸವೇಶ್ವರನಗರದ ಪಕ್ಕಾ ಸಸ್ಯಾಹಾರಿ ಮನೆ. ಆದರೂ ಭಾನುವಾರ ನಾನು ಮೀನು ಹಿಡಿಯೋಕೆ ಹೋಗ್ತೀನಿ. ಅಮ್ಮನಿಗಿರೋದು ಒಂದೇ ಸಮಾಧಾನ: 'ಹಿಡಿದ ಮೇಲೆ ಬಿಟ್ಟುಬಿಡ್ತಾನೆ.'

ಕಳೆದ ಏಪ್ರಿಲ್‌ನಲ್ಲಿ ಕೆಂಗೇರಿ ಆಚೆಯ ಒಂದು ಕೆರೆಗೆ ಹೋಗಿದ್ದೆ. ಬಿಸಿಲೇರಿದ ಮೇಲೆ ಜಿಲೇಬಿ ಮೀನು ದಡ ಬಿಟ್ಟು ಆಳಕ್ಕೆ ಸರಿಯುತ್ತೆ. ಹಾಗಾಗಿ ತೂಕದ ಫ್ಲೈ ಬೇಕು, ಅಂದ್ರೆ ಪುಕ್ಕ, ದಾರ ಸುತ್ತಿ ಹುಳುವಿನ ಹಾಗೆ ಮಾಡಿದ ಗಾಳ. ಎಸೆದು, ಹದಿನೈದರ ತನಕ ಎಣಿಸಿ, ಅದು ಮುಳುಗಿದ ಮೇಲೆ ನಿಧಾನಕ್ಕೆ ಎಳೆಯಬೇಕು. ಆ ಕಾಯೋದರಲ್ಲೇ ಅರ್ಧ ಸುಖ.

ಪಕ್ಕದಲ್ಲಿ ಬಿದಿರು ಕೋಲು, ರಾಗಿಹಿಟ್ಟಿನ ಉಂಡೆ ಇಟ್ಟುಕೊಂಡು ಹಿರಿಯರೊಬ್ಬರು ಕೂತಿದ್ದರು. ನಾನು ನಾಲ್ಕನೇ ಮೀನು ಬಿಟ್ಟಾಗ ಕೇಳಿದರು: 'ತಿನ್ನಲ್ಲ ಅಂದ್ಮೇಲೆ ಅದರ ಬಾಯಿ ಯಾಕಪ್ಪ ಹರೀತೀಯ?'

ಉತ್ತರ ರೆಡಿ ಇತ್ತು. ಕಾವೇರಿಯ ಭೀಮೇಶ್ವರಿ, ಗಾಳಿಬೋರೆ ಕ್ಯಾಂಪ್‌ಗಳಿಗೆ ಮಹಶೀರ್ ಹಿಡಿದು ಬಿಡೋಕೆ ಅಂತಲೇ ಜನ ದುಡ್ಡು ಕೊಟ್ಟು ಬರುತ್ತಿದ್ದರು. ಅದರಿಂದ ಡೈನಮೈಟ್ ಹಾಕುವವರ ಮೇಲೆ ಕಾವಲು ಬಂತು, ಸುತ್ತಲಿನವರಿಗೆ ಗೈಡ್ ಕೆಲಸ ಸಿಕ್ಕಿತು. ಆಮೇಲೆ ವನ್ಯಜೀವಿ ಕಾನೂನಿನ ಪ್ರಶ್ನೆ ಎದ್ದು ಅಭಯಾರಣ್ಯದಲ್ಲಿ ಗಾಳ ನಿಂತಿತು. ಅಲ್ಲಿನ ಗೂನುಬೆನ್ನಿನ ಮಹಶೀರ್ 2018ರಲ್ಲಿ ತೀವ್ರ ಅಳಿವಿನಂಚಿನ ಜೀವಿಗಳ ಪಟ್ಟಿ ಸೇರಿತು. ಅಂಥ ಮೀನಿನ ವಿಷಯದಲ್ಲಿ, ಆಟಕ್ಕೆ ಹಿಡಿಯುವವನೇ ಕಾವಲುಗಾರನೂ ಆಗ್ತಾನೆ ಅನ್ನೋ ವಾದವನ್ನ ಸುಲಭಕ್ಕೆ ತಳ್ಳಿಹಾಕೋಕೆ ಆಗಲ್ಲ.

ಹೇಳೋಕೆ ಬಾಯಿ ತೆರೆದೆ, ಮುಚ್ಚಿದೆ. ಜಿಲೇಬಿ ಆಫ್ರಿಕಾದ್ದು, ಇಲ್ಲಿಗೆ ತಂದು ಬಿಟ್ಟಿದ್ದು. ಅದನ್ನ ನಾನೇನು ಉಳಿಸಬೇಕಾಗಿಲ್ಲ. ಅವರು ಕೊಡೋ ನೋವಿಗೆ ಒಂದು ಹೊತ್ತಿನ ಸಾರಿನ ಕಾರಣವಾದರೂ ಇದೆ. ನನಗಿರೋದು ವಾರವಿಡೀ ಸ್ಕ್ರೀನ್ ನೋಡಿದ ಕಣ್ಣಿಗೆ ಒಂದಿಷ್ಟು ನೀರು, ಕೈಗೆ ಆ ಒಂದು ಜಗ್ಗು. ಸುಳ್ಳಲ್ಲ. ಆದರೆ ಅದು ನನ್ನ ಲೆಕ್ಕ, ಮೀನಿನದಲ್ಲ.

ಬೇಸಿಗೆಯ ಲೆಕ್ಕ ಇನ್ನೂ ಕೆಟ್ಟದು. 15 ಡಿಗ್ರಿಯ ಒಂದು ಲೀಟರ್ ನೀರು ಸುಮಾರು 10 ಮಿಲಿಗ್ರಾಂ ಆಮ್ಲಜನಕ ಹಿಡಿದಿಡಬಲ್ಲದು. 30 ಡಿಗ್ರಿಯಲ್ಲಿ ಏಳೂವರೆ ಅಷ್ಟೇ. ಒದ್ದಾಡಿ ಸುಸ್ತಾದ ಮೀನಿಗೆ ಉಸಿರು ಹೆಚ್ಚು ಬೇಕಾದ ಹೊತ್ತಲ್ಲೇ ನಾನು ಅದನ್ನ ಕೈಯಲ್ಲಿ ಹಿಡಿದು ಫೋಟೋ ತೆಗೀತಿದ್ದೆ. ಬಿಟ್ಟ ತಕ್ಷಣ ಬಾಲ ಬಡಿದು ಹೋಗುತ್ತೆ. ಅಲ್ಲಿಗೆ ನನ್ನ ಅಹಿಂಸೆ ಮುಗೀತು. ಆಮೇಲೆ ಏನಾಯ್ತು ಅಂತ ಯಾವತ್ತೂ ನಿಂತು ನೋಡಿರಲಿಲ್ಲ.

ಅವತ್ತು ನೋಡಿದೆ. ಹತ್ತು ನಿಮಿಷ ಆಗಿತ್ತೇನೋ, ಜೊಂಡಿನ ಪಕ್ಕ ಒಂದು ಬಿಳಿ ಹೊಟ್ಟೆ ಮೇಲೆ ಮಾಡಿ ತೇಲುತ್ತಿತ್ತು. ನಂದೇ ಅಂತ ಆಣೆ ಮಾಡೋಕಾಗಲ್ಲ.

ಹಿರಿಯರು ಕೋಲಿನಿಂದ ಅದನ್ನ ದಡಕ್ಕೆ ಎಳೆದರು. 'ಇದನ್ನ ನಾನು ತಗೊಳ್ಲಾ?' ಅಂತ ನನ್ನನ್ನೇ ಕೇಳಿದರು.

ಮನೆಗೆ ಬಂದಾಗ ಅಮ್ಮ ಎಂದಿನ ಹಾಗೆ, 'ಎಲ್ಲಾ ಬಿಟ್ಟೆ ತಾನೆ?' ಅಂದಳು.

'ಹೂಂ' ಅಂದು ಕೈ ತೊಳೆಯೋಕೆ ಹೋದೆ.