ಒಳ್ಳೆಯ ಪಿಸ್ತೂಲು

ಅಮೆರಿಕದಲ್ಲಿರುವ ನನ್ನ ಹಳೆಯ ಗೆಳೆಯನೊಬ್ಬ ಕಳೆದ ತಿಂಗಳು ಒಂದು ಎಕ್ಸೆಲ್ ಹಾಳೆ ಕಳಿಸಿದ. ವಾರವಿಡೀ ಸಾಫ್ಟ್‌ವೇರ್ ಕೆಲಸ, ಭಾನುವಾರ ಪಿಸ್ತೂಲು ಸ್ಪರ್ಧೆ. ಈಚಿನ ನಾಲ್ಕು ವರ್ಷಗಳಿಂದ ಅವನ ಬದುಕು ಹೀಗೆ. ಈಗ ಹೊಸ ಪಿಸ್ತೂಲು ಕೊಳ್ಳುವ ಯೋಚನೆಯಲ್ಲಿದ್ದಾನೆ. ಹಾಳೆಯ ಎಡಬದಿಯಲ್ಲಿ ಎರಡು ಹೆಸರುಗಳು: ಪಾಲಿಮರ್ ದೇಹದ ಗ್ಲಾಕ್ 34, ಉಕ್ಕಿನ ದೇಹದ ಸಿಜೆಡ್ ಶ್ಯಾಡೋ 2. ಮೇಲಿನ ಸಾಲಿನಲ್ಲಿ ತೂಕ, ನಳಿಗೆಯ ಉದ್ದ, ಟ್ರಿಗರ್, ಒದೆತ, ಭರವಸೆ, ಬೆಲೆ. ಪ್ರತಿಯೊಂದಕ್ಕೂ ಹತ್ತಕ್ಕೆ ಇಷ್ಟು ಎಂದು ಅಂಕ. ಕೆಳಗೆ ಬರೆದಿದ್ದ: "ನೀನು ಇದನ್ನೆಲ್ಲ ಮುಟ್ಟಿದವನಲ್ಲ, ಗೊತ್ತು. ಆದರೆ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಪಾಠ ಮಾಡುವವನು. ಹೇಳು ಮಾರಾಯ, ಇದರಲ್ಲಿ ಯಾವುದು ಒಳ್ಳೆಯದು?"

ಕೇಳಿದ್ದು ತಮಾಷೆಗೆ. ಆದರೆ ಆ ಕೊನೆಯ ಪದ ನನ್ನನ್ನು ಬಿಡಲಿಲ್ಲ. ನಾವು ಒಳ್ಳೆಯ ಕುಡುಗೋಲು ಎನ್ನುತ್ತೇವೆ, ಒಳ್ಳೆಯ ಎತ್ತು ಎನ್ನುತ್ತೇವೆ, ಒಳ್ಳೆಯ ಮನುಷ್ಯ ಎಂದೂ ಅನ್ನುತ್ತೇವೆ. ಮೂರು ಕಡೆಯೂ ಪದ ಒಂದೇ. ಕುಡುಗೋಲು ಒಳ್ಳೆಯದು ಎಂದರೆ ಚೆನ್ನಾಗಿ ಕೊಯ್ಯುತ್ತದೆ ಎಂದಷ್ಟೇ ಅರ್ಥ. ಅದಕ್ಕೆ ಪಾಪಪುಣ್ಯದ ಲೆಕ್ಕವಿಲ್ಲ. ಪಿಸ್ತೂಲು ಒಳ್ಳೆಯದು ಎನ್ನುವಾಗಲೂ ಅಷ್ಟೇ ಅರ್ಥವೇ? ಅಥವಾ ಆ ಮಾತಿನೊಳಗೆ ನಾವು ಕೇಳಿಸಿಕೊಳ್ಳದ ಇನ್ನೊಂದು ಮಾತು ಇದೆಯೇ?

ಮೊದಲು ಗೆಳೆಯನ ಹಾಳೆಯನ್ನೇ ಗೌರವದಿಂದ ನೋಡೋಣ. ಪಿಸ್ತೂಲಿನ ದೇಹವನ್ನು ಉಕ್ಕಿನ ಬದಲು ಪಾಲಿಮರ್‌ನಿಂದ, ಅಂದರೆ ಒಂದು ಬಗೆಯ ಗಟ್ಟಿ ಪ್ಲಾಸ್ಟಿಕ್ಕಿನಿಂದ ಮಾಡಬಹುದು ಎಂದು 1970ರಲ್ಲೇ ಜರ್ಮನಿಯ ವಿಪಿ70 ತೋರಿಸಿಕೊಟ್ಟಿತ್ತು. ಅದನ್ನು ಜಗತ್ತಿನ ವಾಡಿಕೆಯಾಗಿಸಿದವರು ಆಸ್ಟ್ರಿಯಾದ ಗಾಸ್ಟನ್ ಗ್ಲಾಕ್. ಕಿಟಕಿ ಪರದೆಯ ಸರಳು, ಸೈನಿಕರ ಚಾಕು ಇಂಥವನ್ನು ಮಾಡುತ್ತಿದ್ದ ಈ ಎಂಜಿನಿಯರ್ ಅದಕ್ಕೆ ಮುಂಚೆ ಪಿಸ್ತೂಲು ಮಾಡಿದವರಲ್ಲ. ಅವರ ಗ್ಲಾಕ್ 17 ಅನ್ನು ಆಸ್ಟ್ರಿಯಾದ ಸೈನ್ಯ 1982ರಲ್ಲಿ ಆರಿಸಿಕೊಂಡಿತು. ಮ್ಯಾಗಜೀನ್ ಬಿಟ್ಟು ಅದರ ತೂಕ ಸುಮಾರು 625 ಗ್ರಾಂ. ದೇಹಕ್ಕೆ ತುಕ್ಕು ಹಿಡಿಯುವುದಿಲ್ಲ, ಬಿಡಿಭಾಗಗಳು ಕಡಿಮೆ. ಗ್ಲಾಕ್ 34 ಬಂದದ್ದು 1998ರಲ್ಲಿ, ಸ್ಪರ್ಧಿಗಳನ್ನು ಕಣ್ಣಮುಂದಿಟ್ಟುಕೊಂಡು. 114 ಮಿಲಿಮೀಟರ್ ಇದ್ದ ನಳಿಗೆ 135 ಮಿಲಿಮೀಟರ್ ಆಯಿತು. ಗುರಿ ನೋಡುವ ಮುಂದಿನ ಮೊನೆಗೂ ಹಿಂದಿನ ಸೀಳಿಗೂ ನಡುವೆ ಅಂತರ ಹೆಚ್ಚಿದಷ್ಟೂ ಕೈಯ ಸಣ್ಣ ಓರೆಯೂ ಕಣ್ಣಿಗೆ ಬೀಳುತ್ತದೆ. ಉದ್ದ ಹೆಚ್ಚಿಸಿದ್ದರ ಒಂದು ಲಾಭ ಅದು.

ಶ್ಯಾಡೋ 2 ಇದಕ್ಕೆ ತದ್ವಿರುದ್ಧ. ಸುಮಾರು 1.3 ಕಿಲೋ ಉಕ್ಕು. ಭಾರ ಹೆಚ್ಚಿದ್ದರೆ ಗುಂಡು ಹಾರಿದಾಗ ಮೂತಿ ಮೇಲೇಳುವುದು ಕಡಿಮೆ, ಎರಡನೆಯ ಗುಂಡಿಗೆ ಬೇಗ ಸಿದ್ಧವಾಗಬಹುದು. ಇಂಥ ಸ್ಪರ್ಧೆಗಳ ಅಂತರರಾಷ್ಟ್ರೀಯ ಒಕ್ಕೂಟ ಐಪಿಎಸ್‌ಸಿ ಹುಟ್ಟಿದ್ದು 1976ರಲ್ಲಿ. ಅದರ ಲ್ಯಾಟಿನ್ ಧ್ಯೇಯವಾಕ್ಯದಲ್ಲಿ ಮೂರೇ ಪದ: ನಿಖರತೆ, ಬಲ, ವೇಗ. ರಟ್ಟಿನ ಗುರಿಗಳಿಗೆ ಹೊಡೆದು ಗಳಿಸಿದ ಅಂಕವನ್ನು ತೆಗೆದುಕೊಂಡ ಸಮಯದಿಂದ ಭಾಗಿಸುತ್ತಾರೆ. ಅಲ್ಲಿ ಅರ್ಧ ಸೆಕೆಂಡಿಗೂ ಬೆಲೆಯಿದೆ. ದಿನವಿಡೀ ಸೊಂಟದಲ್ಲಿಟ್ಟುಕೊಂಡು ಓಡಾಡುವ ಸೈನಿಕನಿಗೆ ಹಗುರವಾಗಿರುವುದು ಗುಣ. ಅದೇ ಹಗುರ ಸ್ಪರ್ಧಿಗೆ ಕೊರತೆಯಾಗಬಹುದು. ಒಳ್ಳೆಯದು ಎಂಬುದು ವಸ್ತುವಿನೊಳಗೆ ಕೂತಿರುವ ಗುಣವಲ್ಲ, ಯಾರಿಗೆ ಯಾವ ಕೆಲಸಕ್ಕೆ ಎಂಬುದರ ಮೇಲೆ ನಿಂತದ್ದು ಎಂದು ಹಾಳೆಯೇ ಹೇಳುತ್ತಿದೆ.

ಇನ್ನೂ ಒಂದು ಪಾಠ ಅದರಲ್ಲಿದೆ. ಪಿಸ್ತೂಲನ್ನು ಪರೀಕ್ಷಿಸುವವರು ಮೊದಲು ಅದನ್ನು ಮೇಜಿನ ಮೇಲೆ ಆನಿಸಿ, ಕೈಯ ಪಾಲನ್ನು ಆದಷ್ಟೂ ಕಡಿಮೆ ಮಾಡಿ, ಒಂದೇ ಗುರಿಗೆ ಐದಾರು ಗುಂಡು ಹಾರಿಸುತ್ತಾರೆ. ರಂಧ್ರಗಳು ಎಷ್ಟು ಹತ್ತಿರ ಬಿದ್ದಿವೆ ಎಂಬುದು ಪಿಸ್ತೂಲಿನ ಯೋಗ್ಯತೆ. ಆಮೇಲೆ ಕೈಯಲ್ಲಿ ಹಿಡಿದು ಹಾರಿಸುತ್ತಾರೆ. ರಂಧ್ರಗಳು ಚದುರಿದರೆ ಆ ವ್ಯತ್ಯಾಸ ನಮ್ಮದು. ಗೆಳೆಯ ಹೇಳಿದ ಇನ್ನೊಂದು ಅಭ್ಯಾಸವಿದೆ: ಸಂಗಾತಿಯೊಬ್ಬ ಮ್ಯಾಗಜೀನಿನಲ್ಲಿ ನಿಜವಾದ ಗುಂಡುಗಳ ನಡುವೆ ಒಂದೆರಡು ಹುಸಿಗುಂಡು ಸೇರಿಸಿ ಕೊಡುತ್ತಾನೆ. ಯಾವುದು ಯಾವಾಗ ಬರುತ್ತದೆಂದು ಹಾರಿಸುವವನಿಗೆ ಗೊತ್ತಿರುವುದಿಲ್ಲ. ಹುಸಿಗುಂಡು ಬಂದಾಗ ಸದ್ದಿಲ್ಲ, ಒದೆತವಿಲ್ಲ. ಆದರೂ ಮೂತಿ ತಟ್ಟನೆ ಕೆಳಗೆ ಬಾಗಿದ್ದು ಕಾಣುತ್ತದೆ. ಒದೆತ ಬರುವ ಮೊದಲೇ ಕೈ ಹೆದರಿತ್ತು. "ಎರಡು ವರ್ಷ ಟ್ರಿಗರ್ ಸರಿಯಿಲ್ಲ ಎಂದು ಬೈದುಕೊಂಡಿದ್ದೆ. ಆ ದಿನ ನಾಚಿಕೆಯಾಯಿತು" ಎಂದಿದ್ದ. ಉಪಕರಣದ ತಪ್ಪು ಯಾವುದು, ನನ್ನ ತಪ್ಪು ಯಾವುದು ಎಂದು ಬೇರ್ಪಡಿಸುವ ಈ ಪ್ರಾಮಾಣಿಕತೆ ಬದುಕಿನಲ್ಲಿ ಅಪರೂಪ. ಈ ಆಟವನ್ನು ಹಗುರವಾಗಿ ಕಾಣುವವರು ಇದನ್ನು ಮರೆಯಬಾರದು.

ಗ್ಲಾಕ್‌ನ ರಚನೆಯೂ ಈ ಹೊಣೆಯನ್ನು ಬೆರಳಿನ ಮೇಲೆಯೇ ಹೊರಿಸುತ್ತದೆ. ಬೇರೆ ಹಲವು ಪಿಸ್ತೂಲುಗಳಲ್ಲಿರುವಂತೆ ಹೆಬ್ಬೆರಳಿನಿಂದ ಒತ್ತುವ ಸುರಕ್ಷತೆಯ ಗುಂಡಿ ಅದಕ್ಕಿಲ್ಲ. ಕೆಳಗೆ ಬಿದ್ದರೆ ಸಿಡಿಯದಂತೆ ಒಳಗೆ ಏರ್ಪಾಡಿದೆ. ಟ್ರಿಗರ್ ಎಳೆದರೆ ಮಾತ್ರ ಅದು ಮರುಮಾತಿಲ್ಲದೆ ಹಾರುತ್ತದೆ. ಆದ್ದರಿಂದಲೇ ಸ್ಪರ್ಧೆಯ ನಿಯಮಗಳು ಕಠಿಣ. ಚಲಿಸುವಾಗ ಬೆರಳು ಟ್ರಿಗರ್ ಬಳಿ ಕಂಡರೆ, ಮೂತಿ ಹಿಂದಿನವರ ಕಡೆ ತಿರುಗಿದರೆ, ತುಂಬಿದ ಪಿಸ್ತೂಲು ಕೈಜಾರಿ ಬಿದ್ದರೆ, ಎಷ್ಟು ಅಂಕವಿದ್ದರೂ ಅಂದಿನ ಆಟ ಮುಗಿಯಿತು. 'ಹೊಡೆಯಬಾರದ' ಗುರಿಗಳನ್ನೂ ನಡುನಡುವೆ ನಿಲ್ಲಿಸಿರುತ್ತಾರೆ. ತಾಗಿದರೆ ಅಂಕ ಕಳೆಯುತ್ತಾರೆ.

ಇಷ್ಟೆಲ್ಲ ಶಿಸ್ತು ಬೆರಳನ್ನು ನೋಡುತ್ತದೆ. ಮನಸ್ಸನ್ನು ನೋಡುವುದಿಲ್ಲ.

2011ರ ಜುಲೈ 22ರಂದು ನಾರ್ವೆಯ ಉಟೋಯಾ ದ್ವೀಪದಲ್ಲಿ ಯುವಜನರ ಬೇಸಿಗೆ ಶಿಬಿರ ನಡೆಯುತ್ತಿತ್ತು. ಅಲ್ಲಿಗೆ ಪೊಲೀಸ್ ವೇಷದಲ್ಲಿ ಬಂದವನೊಬ್ಬ 69 ಜನರನ್ನು ಕೊಂದ. ಹೆಚ್ಚಿನವರು ಹದಿಹರೆಯದವರು. ಅವನ ಹೆಸರು ಇಲ್ಲಿ ಬೇಡ. ಅವನ ಬಳಿ ಒಂದು ರೈಫಲ್ ಮತ್ತು ಒಂದು ಪಿಸ್ತೂಲು ಇತ್ತು. ಪಿಸ್ತೂಲು ಗ್ಲಾಕ್ 34. ಅದನ್ನು ಅವನು ಕದ್ದದ್ದಲ್ಲ. ಪಿಸ್ತೂಲು ಕ್ಲಬ್ಬಿನ ಸದಸ್ಯನಾಗಿ, ಅಭ್ಯಾಸಕ್ಕೆ ಹಾಜರಾಗಿ, ಕ್ರೀಡಾಪಟುವೆಂದು ಕಾನೂನಿನ ಪ್ರಕಾರವೇ ಪರವಾನಗಿ ಪಡೆದು ಕೊಂಡದ್ದು.

ಗೆಳೆಯನ ಹಾಳೆಯಲ್ಲಿರುವ ಅದೇ ಹೆಸರು. ಹಾಳೆಯ ಅಂಕಗಳಲ್ಲಿ ಯಾವುದೂ ಸುಳ್ಳಲ್ಲ. ಅಲ್ಲಿ ಭರವಸೆ ಎಂಬ ಕಾಲಂನಲ್ಲಿ ಒಂಬತ್ತು ಇದೆ. ಆ ಒಂಬತ್ತು ಭಾನುವಾರದ ರಟ್ಟಿಗೂ ನಿಜ, ಆ ದ್ವೀಪಕ್ಕೂ ನಿಜ. ಇದನ್ನು ಓದಿ ತಳಮಳವಾಗದಿದ್ದರೆ 'ಒಳ್ಳೆಯದು' ಎಂಬ ಪದವನ್ನು ನಾವು ಬಹಳ ಸಲೀಸಾಗಿ ಬಳಸುತ್ತಿದ್ದೇವೆ ಎಂದೇ ಅರ್ಥ.

ಇಲ್ಲಿ ಎರಡು ಸಿದ್ಧ ಉತ್ತರಗಳಿವೆ. ಉಪಕರಣಕ್ಕೆ ಪಾಪವಿಲ್ಲ, ಪಾಪ ಕೈಯದು ಎಂಬುದು ಮೊದಲನೆಯದು. ಕೊಲ್ಲಲೆಂದು ಹುಟ್ಟಿದ ವಸ್ತು ಆಟದ ಮೈದಾನಕ್ಕೆ ಬಂದರೂ ಕೊಲೆಯ ವಸ್ತುವೇ ಎಂಬುದು ಎರಡನೆಯದು. ಎರಡನೆಯದನ್ನು ಮೊದಲು ನೋಡೋಣ. ಹುಟ್ಟೇ ಹಣೆಬರಹವಾದರೆ ನೀರಜ್ ಚೋಪ್ರಾ ಅವರ ಕೈಯ ಭರ್ಜಿಯನ್ನೂ ನಾವು ಹೆದರಿಕೆಯಿಂದ ನೋಡಬೇಕಿತ್ತು. ಭರ್ಜಿ ಸಾವಿರಾರು ವರ್ಷ ಯುದ್ಧದ ಆಯುಧ. ಆದರೆ ಕ್ರೀಡೆ ಅದನ್ನು ಬೇರೆ ವಸ್ತುವಾಗಿಸಿತು. 1984ರಲ್ಲಿ ಪೂರ್ವ ಜರ್ಮನಿಯ ಊವೆ ಹೋನ್ 104.80 ಮೀಟರ್ ಎಸೆದರು. ಇದು ಹೀಗೇ ಬೆಳೆದರೆ ಮೈದಾನ ಸಾಲದು, ಜನಕ್ಕೆ ಅಪಾಯ ಎಂದು ಕಂಡಿತು. 1986ರಲ್ಲಿ ಪುರುಷರ ಭರ್ಜಿಯ ಗುರುತ್ವ ಕೇಂದ್ರವನ್ನು ಮುಂದಕ್ಕೆ ಸರಿಸಿ, ಅದು ಬೇಗ ಮೂಗು ಬಾಗಿಸಿ ನೆಲಕ್ಕೆ ಬೀಳುವಂತೆ ಮಾಡಿದರು. ಅಂದರೆ ಒಂದು ಕ್ರೀಡೆ ತನ್ನ ಉಪಕರಣವನ್ನು ಬೇಕೆಂದೇ ಕುಗ್ಗಿಸಿ, 'ಒಳ್ಳೆಯ ಭರ್ಜಿ' ಎಂಬುದರ ಅರ್ಥವನ್ನೇ ಬದಲಿಸಿತು.

ಮೊದಲನೆಯ ಉತ್ತರದ ಸೋಲು ಕೂಡ ಇಲ್ಲೇ ಕಾಣುತ್ತದೆ. ಒಲಿಂಪಿಕ್ಸ್‌ನ 10 ಮೀಟರ್ ಏರ್ ಪಿಸ್ತೂಲು ಯುದ್ಧದಿಂದ ಬಹುದೂರ ಬಂದಿದೆ. ಅದರ ಒಳ್ಳೆಯತನವೇ ಬೇರೆ, ಅದನ್ನು ಯಾವ ಸೈನಿಕನೂ ಕೇಳುವುದಿಲ್ಲ. ಗೆಳೆಯನ ಆಟ ಹಾಗಲ್ಲ. ಅಲ್ಲಿ ಗುಂಡಿಗೆ ಕನಿಷ್ಠ ಇಷ್ಟು ಬಲವಿರಬೇಕೆಂದು ನಿಯಮವೇ ಇದೆ. ಧ್ಯೇಯವಾಕ್ಯದ ನಡುವಿನ ಪದ ಬಲ. ಗುರಿಹಲಗೆಗಳಲ್ಲಿ ತಲೆ ಭುಜಗಳ ಆಕಾರದ್ದೂ ಉಂಟು, ಮನುಷ್ಯನ ನೆನಪು ಬಾರದಂತೆ ತಲೆ ತೆಗೆದ ಆಕಾರದ್ದೂ ಉಂಟು. ಆ ಎರಡನೆಯ ಹಲಗೆ ಈ ಕ್ರೀಡೆಯ ಒಳಗಿನ ಸಂಕೋಚವನ್ನು ತೋರಿಸುತ್ತದೆ. ಹಲಗೆಯ ಆಕಾರ ಬದಲಾದರೂ ಪಿಸ್ತೂಲು ಬದಲಾಗಿಲ್ಲ. ಕ್ರೀಡೆಯ ಒಳಿತೂ ಕೊಲ್ಲುವ ಒಳಿತೂ ಇಲ್ಲಿ ಇನ್ನೂ ಒಂದೇ ಪಟ್ಟಿಯಲ್ಲಿವೆ. ಹೀಗಿರುವಾಗ ಉಪಕರಣ ತಟಸ್ಥ ಎನ್ನುವುದು ಅರ್ಧ ಸತ್ಯ. ಎರಡು ಒಳಿತುಗಳು ಎಷ್ಟು ಹತ್ತಿರವಿವೆಯೋ ಕಾಯುವವರ ಹೊಣೆ ಅಷ್ಟು ದೊಡ್ಡದು ಎಂಬುದು ಉಳಿದರ್ಧ.

ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದ ಆರಂಭದಲ್ಲೇ ಕಡಿವಾಣ ಮಾಡುವವನ ಮಾತು ತರುತ್ತಾನೆ. ಕಡಿವಾಣ ಒಳ್ಳೆಯದೇ ಎಂದು ಹೇಳಬೇಕಾದದ್ದು ಕುದುರೆ ಸವಾರಿಯ ವಿದ್ಯೆ. ಸವಾರಿ ಯುದ್ಧವಿದ್ಯೆಯ ಕೈಕೆಳಗಿನದು. ಯುದ್ಧವಿದ್ಯೆಗೂ ಮೇಲೆ, ನಾವೆಲ್ಲ ಒಟ್ಟಿಗೆ ಹೇಗೆ ಬದುಕಬೇಕು ಎಂಬ ವಿಚಾರವಿದೆ. ಗೆಳೆಯನ ಹಾಳೆ ಈ ಏಣಿಯ ಮೊದಲ ಮೆಟ್ಟಿಲು. ಸ್ಪರ್ಧೆ ಎರಡನೆಯದು. ಅಲ್ಲಿಗೇ ನಿಂತು, ಮೇಲಿನ ಮೆಟ್ಟಿಲು ನಮ್ಮ ಇಲಾಖೆಯಲ್ಲ ಎನ್ನುವುದೇ ತಪ್ಪು. ಕಾಂಟ್ ಇನ್ನೂ ಖಾರವಾಗಿ ಹೇಳುತ್ತಾನೆ: ದುಷ್ಟನಲ್ಲಿರುವ ತಣ್ಣನೆಯ ಮನಸ್ಸು ಅವನನ್ನು ಇನ್ನಷ್ಟು ಅಪಾಯಕಾರಿಯಾಗಿಸುತ್ತದೆ. ನಡುಗದ ಕೈ, ಏರದ ಉಸಿರು, ಕದಡದ ಗಮನ, ಅಂದರೆ ಗುರಿಕಾರನ ಸಾಧನೆಗಳೆಲ್ಲ ಅದೇ ಜಾತಿಗೆ ಸೇರಿದವು. ಅವು ತಾವಾಗಿಯೇ ಒಳ್ಳೆಯವಲ್ಲ.

ಬ್ರಿಟನ್ ಈ ಏಣಿಯನ್ನು ಮೇಲಿನಿಂದ ಇಳಿದು ಬಂದಿತು. 1996ರ ಮಾರ್ಚ್ 13ರಂದು ಸ್ಕಾಟ್ಲೆಂಡಿನ ಡನ್‌ಬ್ಲೇನ್ ಊರಿನ ಪ್ರಾಥಮಿಕ ಶಾಲೆಯಲ್ಲಿ 16 ಮಕ್ಕಳೂ ಅವರ ಶಿಕ್ಷಕಿಯೂ ಹತರಾದರು. ಅಲ್ಲಿಯೂ ಬಂದೂಕುಗಳಿಗೆ ಪರವಾನಗಿಯಿತ್ತು. ಮರುವರ್ಷ ಬ್ರಿಟನ್ನಿನ ಸಂಸತ್ತು ಖಾಸಗಿಯವರ ಕೈಯಿಂದ ಬಹುತೇಕ ಎಲ್ಲ ಪಿಸ್ತೂಲುಗಳನ್ನೂ ತೆಗೆದುಕೊಂಡಿತು. ಏನೂ ತಪ್ಪು ಮಾಡದ ಸಾವಿರಾರು ಕ್ರೀಡಾಪಟುಗಳು ತಮ್ಮ ಆಟ ಕಳೆದುಕೊಂಡರು. ಒಲಿಂಪಿಕ್ಸ್‌ನ 25 ಮೀಟರ್ ಪಿಸ್ತೂಲು ಸ್ಪರ್ಧಿಗಳು ಅಭ್ಯಾಸಕ್ಕೆ ಬೇರೆ ದೇಶಗಳಿಗೆ ಹೋಗಬೇಕಾಯಿತು. ಒಬ್ಬನ ಪಾಪಕ್ಕೆ ಎಲ್ಲರಿಗೆ ಶಿಕ್ಷೆಯೇ ಎಂಬ ಅವರ ನೋವು ನಿಜವಾದದ್ದು. ಆದರೂ ನಾನು ತೂಗಿ ನೋಡಿದರೆ ತಕ್ಕಡಿ ಒಂದೇ ಕಡೆ ಬಾಗುತ್ತದೆ. ಕಳೆದುಹೋದ ಆಟಕ್ಕೆ ಬದಲಿ ಆಟವಿದೆ. ಆ ತರಗತಿಗೆ ಬದಲಿಯಿಲ್ಲ. ಅದು ಶಿಕ್ಷೆಯಲ್ಲ, ಒಟ್ಟಿಗೆ ಬದುಕುವುದರ ಬೆಲೆ. ಆಟವನ್ನು ಉಳಿಸಿಕೊಂಡ ದೇಶಗಳಲ್ಲಿ ಆ ಬೆಲೆಯನ್ನು ಬೇರೆ ರೂಪದಲ್ಲಾದರೂ ತೆರಲೇಬೇಕು.

ಆ ಬೇರೆ ರೂಪ ಯಾವುದು ಎಂದು ಯೋಚಿಸುವಾಗ ನಮ್ಮ ಕೊಡಗು ನೆನಪಾಗುತ್ತದೆ. ಅಲ್ಲಿ ಕೋವಿಯೂ ಇದೆ, ಸ್ಪರ್ಧೆಯೂ ಇದೆ. ಗದ್ದೆಯ ದುಡಿಮೆಯ ಕಾಲದಲ್ಲಿ ಕೋವಿಯನ್ನು ದೇವರ ಕೋಣೆಯಲ್ಲಿ ಎತ್ತಿಡುವುದು, ನಾಟಿ ಮುಗಿದ ಮೇಲೆ ಕೈಲ್ ಮುಹೂರ್ತದ ದಿನ ತೋಕ್ ಪೂ ಮುಡಿಸಿ ಪೂಜಿಸುವುದು, ಆಮೇಲೆ ತೆಂಗಿನಕಾಯಿಗೆ ಗುರಿಯಿಡುವುದು ಅಲ್ಲಿನ ಸಂಪ್ರದಾಯ. ಕೊಡಗಿನಲ್ಲಿ ಎಲ್ಲವೂ ಸರಿಯಿದೆ ಎಂದಲ್ಲ. ಆದರೆ ಆ ಆಚರಣೆಯಲ್ಲಿ ಎತ್ತಿಡುವುದಕ್ಕೂ ಎತ್ತಿಕೊಳ್ಳುವುದಕ್ಕೂ ಒಂದು ಹೊತ್ತಿದೆ, ನೋಡುವ ನಾಲ್ಕು ಕಣ್ಣುಗಳಿವೆ. ಕೋವಿ ಒಬ್ಬನ ಒಂಟಿ ಆಸ್ತಿಯಾಗಿ ಉಳಿಯುವುದಿಲ್ಲ.

ಗೆಳೆಯನಿಗೆ ಹೀಗೆ ಬರೆದೆ: "ಸ್ಪರ್ಧೆಗೆ ಯಾವುದು ಒಳ್ಳೆಯದೆಂದು ನಿನಗೇ ಗೊತ್ತು, ಅದರಲ್ಲಿ ನನ್ನ ಮಾತಿಗೆ ಬೆಲೆಯಿಲ್ಲ. ಹಾಳೆಯಲ್ಲಿ ಎರಡು ಕಾಲಂ ಕಮ್ಮಿ ಇವೆ. ರಾತ್ರಿ ಅದು ಎಲ್ಲಿರುತ್ತದೆ? ನಿನ್ನ ಮನಸ್ಸು ಕೆಟ್ಟರೆ ಅದನ್ನು ನಿನ್ನಿಂದ ಯಾರು ತೆಗೆದಿಡುತ್ತಾರೆ?"

ಮೂರು ದಿನ ಉತ್ತರವಿರಲಿಲ್ಲ. ಆಮೇಲೆ ಬರೆದ: "ಮೊದಲನೆಯದಕ್ಕೆ ಉಕ್ಕಿನ ಪೆಟ್ಟಿಗೆಯಿದೆ, ಮಗನಿಗೆ ಅದರ ನಂಬರ್ ಗೊತ್ತಿಲ್ಲ. ಎರಡನೆಯದನ್ನು ಭಾನುವಾರ ಕ್ಲಬ್ಬಿನಲ್ಲಿ ಕೇಳಿದೆ. ಒಬ್ಬರ ಟ್ರಿಗರ್ ಒಬ್ಬರಿಗೆ ಗೊತ್ತು, ಒಬ್ಬರ ಮನೆಯ ವಿಷಯ ಒಬ್ಬರಿಗೆ ಗೊತ್ತಿಲ್ಲ ಎಂದು ಆಗ ಹೊಳೆಯಿತು. ಯಾರೂ ನಗಲಿಲ್ಲ. ಮುಂದಿನ ವಾರ ಮತ್ತೆ ಮಾತಾಡೋಣ ಎಂದಿದ್ದಾರೆ."

ಪಿಸ್ತೂಲು ಇನ್ನೂ ಕೊಂಡಿಲ್ಲವಂತೆ.