ಬ್ರೇಕು ಯಾರ ಸ್ವತ್ತು

ಹಳೆಯ ಅಂಬಾಸಿಡರ್ ಕಾರಿನ ಡ್ರಮ್ ಬ್ರೇಕ್ ತೆಗೆದು ಡಿಸ್ಕ್ ಹಾಕಿಸಬಹುದೇ ಎಂಬ ಪ್ರಶ್ನೆ ಗ್ಯಾರೇಜಿನಲ್ಲಿ ಹುಟ್ಟುತ್ತದೆ, ಆದರೆ ಅಲ್ಲಿಯೇ ಬಗೆಹರಿಯುವಂಥದ್ದಲ್ಲ. ಹಿರಿಯರು ಬಿಟ್ಟುಹೋದ ವಸ್ತುವನ್ನು ಇದ್ದಂತೆಯೇ ಉಳಿಸಿಕೊಳ್ಳುವುದು ಒಂದು ಬಗೆಯ ಭಕ್ತಿ. ಆ ಭಕ್ತಿಗಾಗಿ ದಾರಿಯಲ್ಲಿ ಎದುರಾಗುವವರನ್ನು ಎಷ್ಟರಮಟ್ಟಿಗೆ ಅಪಾಯಕ್ಕೆ ಒಡ್ಡಬಹುದು ಎಂಬುದು ಧರ್ಮದ ಪ್ರಶ್ನೆ. ಕಾರಿನ ಬಣ್ಣ, ಸೀಟು, ಎಂಜಿನ್ ಎಲ್ಲವೂ ಮಾಲೀಕನ ಸ್ವತ್ತು. ಬ್ರೇಕು ಮಾತ್ರ ಮುಂದೆ ನಡೆದು ಹೋಗುತ್ತಿರುವವನಿಗೂ ಸೇರಿದ್ದು ಎಂದು ನಾನು ನಂಬುತ್ತೇನೆ.

ಮೊದಲು ಬ್ರೇಕಿನ ಸಂಗತಿ ನೋಡೋಣ. 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾದ ಅಂಬಾಸಿಡರ್‌ನ ಹಳೆಯ ಮಾದರಿಗಳಲ್ಲಿ ನಾಲ್ಕೂ ಗಾಲಿಗೆ ಡ್ರಮ್ ಬ್ರೇಕ್. ಒಳಗಿನ ಶೂಗಳು ಹೊರಕ್ಕೆ ಒತ್ತಿ ಡ್ರಮ್ಮನ್ನು ತಡೆಯುತ್ತವೆ. ಬಿಸಿ ಒಳಗೇ ಉಳಿಯುತ್ತದೆ, ಕಾದ ಡ್ರಮ್ ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ, ಪೆಡಲ್ ಇನ್ನಷ್ಟು ಕೆಳಗಿಳಿಯುತ್ತದೆ. ಡಿಸ್ಕ್ ಗಾಳಿಗೆ ತೆರೆದುಕೊಂಡಿರುವುದರಿಂದ ಬೇಗ ತಣಿಯುತ್ತದೆ. 1953ರಲ್ಲಿ ಡಿಸ್ಕ್ ಬ್ರೇಕಿನ ಜಾಗ್ವಾರ್ ಕಾರುಗಳು ಲ ಮಾನ್ಸ್‌ನ ಇಪ್ಪತ್ತನಾಲ್ಕು ಗಂಟೆಗಳ ಓಟ ಗೆದ್ದ ಮೇಲೆ ಈ ವ್ಯತ್ಯಾಸ ಜಗತ್ತಿಗೇ ಗೊತ್ತಾಯಿತು. ವಿಜಯಪುರದ ಬಯಲುಸೀಮೆಯಲ್ಲಿ ಘಾಟ್ ಇಲ್ಲ ನಿಜ, ಉದ್ದನೆಯ ಇಳಿಜಾರಿನಲ್ಲಿ ಬ್ರೇಕ್ ಕಾಯುವ ಭಯ ಇಲ್ಲಿ ಕಡಿಮೆ. ಇಲ್ಲಿಯ ಕಷ್ಟ ಬೇರೆ. ಟಿಕೋಟಾ ದಾಟಿ ಅಥಣಿಯ ಕಡೆಗೋ ಬಬಲೇಶ್ವರ ದಾಟಿ ಜಮಖಂಡಿಯ ಕಡೆಗೋ ಹೊರಟರೆ ನುಣ್ಣನೆಯ ರಸ್ತೆ ವೇಗಕ್ಕೆ ಕರೆಯುತ್ತದೆ. ಅದೇ ರಸ್ತೆಯಲ್ಲಿ ಎರಡೆರಡು ಟ್ರೇಲರ್ ಎಳೆಯುವ ಕಬ್ಬಿನ ಟ್ರ್ಯಾಕ್ಟರ್, ಎತ್ತಿನ ಗಾಡಿ, ಕುರಿ ಹಿಂಡು, ಶಾಲೆ ಬಿಟ್ಟ ಮಕ್ಕಳು. ವೇಗ ನಲವತ್ತರಿಂದ ಎಂಬತ್ತಕ್ಕೆ ಏರಿದರೆ ಬ್ರೇಕು ನುಂಗಬೇಕಾದ ಶಕ್ತಿ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಒಂದು ಬದಿಯ ಶೂ ಸ್ವಲ್ಪ ಮೊದಲೇ ಹಿಡಿದರೂ ಸಾಕು, ಕಾರು ಆ ಬದಿಗೆ ಎಳೆಯುತ್ತದೆ.

ಬ್ರೇಕು ಬದಲಾದರೆ ಅದು ಅದೇ ಕಾರಾಗಿ ಉಳಿಯುವುದೇ ಎಂಬುದು ಮೊದಲ ಆಕ್ಷೇಪ. ಎರಡು ಸಾವಿರ ವರ್ಷಗಳ ಹಿಂದಿನ ಮಿಲಿಂದಪಞ್ಹದಲ್ಲಿ ಭಿಕ್ಷು ನಾಗಸೇನ ಯವನ ದೊರೆಯ ಮುಂದೆ ರಥವನ್ನೇ ಬಿಡಿಸಿಟ್ಟ: ಅಚ್ಚು ರಥವಲ್ಲ, ಗಾಲಿ ರಥವಲ್ಲ, ನೊಗ ರಥವಲ್ಲ, ಅವೆಲ್ಲದರ ಆಸರೆಯಿಂದ ನಿಂತ ಹೆಸರು ರಥ. ಈ ಮಾತನ್ನು ಕೊನೆಯವರೆಗೂ ಎಳೆದರೆ ಏನನ್ನು ಬದಲಿಸಿದರೂ ಏನೂ ಕಳೆಯುವುದಿಲ್ಲ ಎಂದಾಗುತ್ತದೆ. ಅಷ್ಟು ದೂರ ನಾನು ಹೋಗಲಾರೆ, ಏಕೆಂದರೆ ಕೈಯಿಂದ ಕೈಗೆ ಬಂದ ಚರಿತ್ರೆ ಕಳೆದುಹೋಗಬಲ್ಲ ವಸ್ತು. ಆದರೆ ಆ ಚರಿತ್ರೆ ಎಲ್ಲ ಭಾಗಗಳಲ್ಲೂ ಸಮನಾಗಿ ನೆಲೆಸಿಲ್ಲ. ಐವತ್ತು ವರ್ಷ ದಾಟಿದ ವಿಂಟೇಜ್ ವಾಹನಗಳ ಬಗ್ಗೆ 2021ರಲ್ಲಿ ಬಂದ ಕೇಂದ್ರದ ನಿಯಮ ಮೂಲರೂಪ ಉಳಿಯಬೇಕೆಂದು ಹೇಳುವಾಗ ಚಾಸಿ, ಬಾಡಿ, ಎಂಜಿನ್ ಇವನ್ನು ಹೆಸರಿಸುತ್ತದೆ. ಬ್ರೇಕಿನ ಹೆಸರು ಅಲ್ಲಿಲ್ಲ. ಟಿಕೋಟಾ ತಾಲ್ಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿ ವಿಜಯಪುರದ ಜ್ಞಾನಯೋಗಾಶ್ರಮದಲ್ಲಿ ಬಾಳಿದ ಸಿದ್ಧೇಶ್ವರ ಸ್ವಾಮೀಜಿ 2014ರಲ್ಲೇ ಪತ್ರ ಬರೆದಿಟ್ಟಿದ್ದರು: ತಮ್ಮ ದೇಹವನ್ನು ಹೂಳದೆ ದಹಿಸಬೇಕು, ಸ್ಮಾರಕ ಕಟ್ಟಬಾರದು. 2023ರ ಜನವರಿಯಲ್ಲಿ ಹಾಗೆಯೇ ನಡೆಯಿತು. ರೂಪ ಉಳಿಯದಿದ್ದರೂ ಗೌರವ ಉಳಿಯುತ್ತದೆ ಎಂಬುದನ್ನು ಈ ಸೀಮೆ ಕಣ್ಣಾರೆ ಕಂಡಿದೆ.

ಇದಕ್ಕಿಂತ ಬಲವಾದ ಆಕ್ಷೇಪ ಇನ್ನೊಂದಿದೆ. ಹಳೆಯ ಕಾರನ್ನು ಹಳೆಯ ವೇಗದಲ್ಲೇ ಓಡಿಸಿ, ಡ್ರಮ್ ಸಾಕು. ನಿಧಾನವೇ ಅದು ಕಲಿಸುವ ಸಂಯಮ ಎನ್ನುತ್ತಾರೆ. ಕಠೋಪನಿಷತ್ತು ದೇಹವನ್ನು ರಥವೆಂದಾಗ ಮನಸ್ಸನ್ನು ಲಗಾಮು ಎಂದದ್ದೂ ಇದೇ ಅರ್ಥಕ್ಕೆ ಹತ್ತಿರ. ಈ ಮಾತಿಗೆ ನಾನು ತಲೆಬಾಗುತ್ತೇನೆ, ಒಂದು ಹಂತದವರೆಗೆ. ನಿಧಾನ ಚಾಲಕನ ವ್ರತ. ಹೊಲದ ಬದುವಿನಿಂದ ಥಟ್ಟನೆ ರಸ್ತೆಗೆ ಓಡಿ ಬಂದ ಹುಡುಗ ಅಂಥ ವ್ರತ ತೊಟ್ಟವನಲ್ಲ. ನಮ್ಮ ವ್ರತದ ಕಷ್ಟವನ್ನು ಅವನ ಮೈಮೇಲೆ ಹೊರಿಸುವ ಹಕ್ಕು ನಮಗಿಲ್ಲ. ಹಾಗಾದರೆ ಏರ್‌ಬ್ಯಾಗೂ ಹಾಕಿಸಿ, ಹೊಸ ಕಾರನ್ನೇ ಕೊಂಡುಬಿಡಿ ಎಂದು ಕೇಳುವವರಿಗೂ ಉತ್ತರ ಇಲ್ಲಿಯೇ ಇದೆ. ಏರ್‌ಬ್ಯಾಗ್ ಕಾಯುವುದು ಒಳಗೆ ಕೂತವರನ್ನು, ಅವರು ಆ ಅಪಾಯವನ್ನು ತಿಳಿದು ಒಪ್ಪಬಹುದು. ಬ್ರೇಕು, ದೀಪಗಳು ಹೊರಗಿನವರನ್ನು ಕಾಯುತ್ತವೆ. ಡಿಸ್ಕ್ ಬಂತೆಂದು ಸಂಯಮವೂ ರಜೆ ತೆಗೆದುಕೊಳ್ಳುವಂತಿಲ್ಲ. ಬ್ರೇಕು ಎಷ್ಟೇ ಬಲವಾದರೂ ಟೈರು ರಸ್ತೆಯನ್ನು ಹಿಡಿದಷ್ಟೇ ಕಾರು ನಿಲ್ಲುತ್ತದೆ.

ಈ ವಾದಕ್ಕೆ ಎಲ್ಲೆಯೂ ಇದೆ. ಬಸವಣ್ಣ ಹುಟ್ಟಿದ ಜಿಲ್ಲೆಯಿದು. ನಿಂತದ್ದರ ಧರ್ಮ ಬೇರೆ, ನಡೆದಾಡುವುದರ ಧರ್ಮ ಬೇರೆ ಎಂದು ಇಲ್ಲಿಯವರಿಗೆ ಬಿಡಿಸಿ ಹೇಳಬೇಕಿಲ್ಲ. 1549ರಲ್ಲಿ ಎರಕ ಹೊಯ್ದ ಮಲಿಕ್-ಎ-ಮೈದಾನ್ ತೋಪು ಬುರುಜಿನ ಮೇಲೆ ಇದ್ದಂತೆಯೇ ಇರಲಿ, ಅದು ಇನ್ನು ಹಾರುವುದಿಲ್ಲ. ಶೆಡ್ಡಿನಲ್ಲೇ ಉಳಿಯುವ ಕಾರಿನ ಒಂದು ಬೋಲ್ಟನ್ನೂ ಮುಟ್ಟಬೇಡಿ ಎಂದೇ ನಾನೂ ಹೇಳುವೆ. ರಸ್ತೆಗಿಳಿಯುವ ಕಾರಿಗೆ ಡಿಸ್ಕ್ ಹಾಕಿಸುವವರು ಸ್ಟಬ್ ಆ್ಯಕ್ಸಲ್ ಕೊರೆಯದೆ, ವೆಲ್ಡಿಂಗ್ ಮಾಡಿಸದೆ, ಮುಂದೆ ಬೇಕೆಂದಾಗ ಬಿಚ್ಚಿ ತೆಗೆಯುವಂತೆ ಹಾಕಿಸಬೇಕು. ತೆಗೆದ ಡ್ರಮ್ಮು, ಶೂ, ವೀಲ್ ಸಿಲಿಂಡರ್ ಕಾರಿನ ಜೊತೆಗೇ ಉಳಿಯಬೇಕು. ಮಾರುವ ದಿನ ಕೊಳ್ಳುವವನಿಗೆ ಬದಲಾವಣೆಯನ್ನು ತಿಳಿಸಬೇಕು. ಡಿಸ್ಕಿಗೆ ಹಣ ಸಾಲದವರು ಅಧರ್ಮಿಗಳೆಂದು ನಾನು ಹೇಳುತ್ತಿಲ್ಲ. ಅವರ ಮೇಲಿರುವುದು ಗಾಡಿಯನ್ನು ಹೊತ್ತಿಗೆ ಸರಿಯಾಗಿ ನಿಲ್ಲಿಸುವ ಋಣವೇ ಹೊರತು ಡಿಸ್ಕ್ ಕೊಳ್ಳುವ ಋಣವಲ್ಲ. ಲೈನರ್ ಸವೆಯುವ ಮೊದಲೇ ಬದಲಿಸಿ, ನೀರು ಹೀರಿದ ಬ್ರೇಕ್ ಆಯಿಲ್ ತೆಗೆಸಿ, ಎರಡೂ ಬದಿ ಸಮನಾಗಿ ಹಿಡಿಯುವಂತೆ ಶೂ ಹೊಂದಿಸಿಕೊಂಡು, ಊರು ಬಂದ ಕೂಡಲೇ ವೇಗ ಇಳಿಸುವವನು ಆ ಋಣವನ್ನು ಡ್ರಮ್ ಬ್ರೇಕಿನಲ್ಲೂ ತೀರಿಸಬಲ್ಲ.