ಎರಡನೆಯ ಪ್ಯಾಕೆಟ್

2020ರ ಏಪ್ರಿಲ್ ಮೊದಲ ವಾರ. ಅಕ್ಕಿಪೇಟೆಯ ನಮ್ಮ ಬೀದಿಯ ದಿನಸಿ ಅಂಗಡಿಯ ಮುಂದೆ ಸುಣ್ಣದಲ್ಲಿ ಎಳೆದ ಚೌಕಗಳೊಳಗೆ ನಾವೆಲ್ಲ ನಿಂತಿದ್ದೆವು. ಅಂಗಡಿಯ ಶೆಟ್ಟರು ಒಂದು ನಿಯಮ ಮಾಡಿದ್ದರು: ಮೈದಾ, ರವೆ, ಎಣ್ಣೆ ಯಾವುದೇ ಇರಲಿ, ತಲೆಗೆ ಒಂದೇ ಪ್ಯಾಕೆಟ್. ನಾನು ಅರ್ಧ ಕಿಲೋ ಮೈದಾ ತೆಗೆದುಕೊಂಡೆ. ನನ್ನ ಹಿಂದಿನ ಚೌಕದಲ್ಲಿ ನಿಂತಿದ್ದ ತಮ್ಮ, ನನ್ನನ್ನು ಗುರುತೇ ಇಲ್ಲದವನ ಹಾಗೆ ಮುಂದೆ ಬಂದು, ಇನ್ನೊಂದು ಪ್ಯಾಕೆಟ್ ತೆಗೆದುಕೊಂಡ. ಹಾಗೆ ಮಾಡೆಂದು ಹೇಳಿಕೊಟ್ಟವಳು ನಾನೇ. ಅವನ ಹಿಂದೆ ನಮ್ಮ ಮನೆಯ ಹಿಂಬದಿಯ ವಠಾರದ ಹೆಂಗಸೊಬ್ಬರು ಇದ್ದರು. "ಮೈದಾ ಮುಗೀತು ಕಣಮ್ಮ, ಇನ್ನು ಲೋಡು ಯಾವಾಗ ಬರತ್ತೋ" ಎಂದು ಶೆಟ್ಟರು ಅವರಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು. ನಾನು ತಿರುಗಿ ನೋಡಲಿಲ್ಲ.

ಅಪ್ಪನಿಗೆ ಆ ವಾರ ಅರವತ್ತು ತುಂಬುತ್ತಿತ್ತು. ಛತ್ರ ಗೊತ್ತು ಮಾಡಿ, ಅಡುಗೆಯವರಿಗೆ ಮುಂಗಡ ಕೊಟ್ಟು, ಅಂಚೆಯಲ್ಲಿ ಪತ್ರಿಕೆಗಳನ್ನೂ ಕಳಿಸಿ ಆಗಿತ್ತು. ಮಾರ್ಚ್ 24ರ ರಾತ್ರಿ ಅದೆಲ್ಲ ಮುಗಿಯಿತು. ಬೇಕರಿಗಳ ಬಾಗಿಲೂ ಮುಚ್ಚಿತ್ತು. ಕುಕ್ಕರಿನ ಗ್ಯಾಸ್ಕೆಟ್, ವಿಷಲ್ ತೆಗೆದು, ತಳಕ್ಕೆ ಉಪ್ಪು ಹಾಸಿ ಕೇಕ್ ಮಾಡೋಣ ಎಂದುಕೊಂಡೆವು. ಕಂಡೆನ್ಸ್ಡ್ ಮಿಲ್ಕ್ ಇರಲಿಲ್ಲ, ಹಾಲು ಸಕ್ಕರೆ ಕುದಿಸಿ ಬತ್ತಿಸಿದೆವು. ಬೇಕಿಂಗ್ ಪೌಡರ್ ಸಿಗಲಿಲ್ಲ, ಹುಳಿ ಮೊಸರಿಗೆ ಅಡುಗೆ ಸೋಡಾ ಹಾಕಿದೆವು. ಕೇಕು ಒಂದು ಪಕ್ಕ ಕುಸಿದಿದ್ದರೂ ಚೆನ್ನಾಗಿತ್ತು. ಅಪ್ಪ ಪಂಚೆಯುಟ್ಟು, ಹಣೆಗೆ ವಿಭೂತಿ ಇಟ್ಟುಕೊಂಡು, ತರಕಾರಿ ಚಾಕುವಿನಲ್ಲಿ ಅದನ್ನು ಕತ್ತರಿಸಿದರು. ಅದಕ್ಕೆ ಬೇಕಾಗಿದ್ದು ಒಂದೂವರೆ ಲೋಟ ಮೈದಾ. ಅಂದರೆ ಒಂದು ಪ್ಯಾಕೆಟ್ಟೇ ಹೆಚ್ಚು. ಎರಡನೆಯದು "ಕೆಟ್ಟುಹೋದರೆ ಇರಲಿ" ಎಂದು ತಂದದ್ದು. ಅದನ್ನು ಡಬ್ಬಿಗೆ ಸುರಿದು ಮರೆತೆವು.

ಆ ದಿನಗಳಲ್ಲಿ ಇಂಥ ಜಾಣತನದ್ದೇ ಸಂಭ್ರಮ. ಅದಿಲ್ಲದಿದ್ದರೆ ಇದು, ಇದಿಲ್ಲದಿದ್ದರೆ ಇನ್ನೊಂದು ಎಂದು ಫೋನಿನ ತುಂಬ ಕೇಕು, ಬನ್ನು, ನೊರೆಕಾಫಿಗಳ ಚಿತ್ರ. ನಮ್ಮ ಊರಿಗೆ ಈ ಸಂಭ್ರಮಕ್ಕೊಂದು ಪರಂಪರೆಯೇ ಇದೆ. ಎರಡನೆಯ ಮಹಾಯುದ್ಧದಲ್ಲಿ, 1942ರಲ್ಲಿ, ಬರ್ಮಾ ಜಪಾನಿನ ಕೈಗೆ ಹೋಗಿ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಯುದ್ಧಕಾಲದ ಆ ಅಕ್ಕಿ ಅಭಾವದಲ್ಲೇ ರವೆಯಲ್ಲಿ ಇಡ್ಲಿ ಮಾಡಿ ನೋಡಿದೆವು, ರವೆ ಇಡ್ಲಿ ಹುಟ್ಟಿದ್ದು ಹಾಗೆ ಎಂದು ಲಾಲ್‌ಬಾಗ್ ರಸ್ತೆಯ ಎಂಟಿಆರ್‌ನವರು ಹೇಳಿಕೊಂಡು ಬಂದಿದ್ದಾರೆ. ಕೊರತೆ ಒಂದು ತಿಂಡಿಯನ್ನೇ ಕೊಟ್ಟಿತು ಎಂಬುದು ಕೇಳಲು ಹಿತವಾದ ಕತೆ. ನಾನೂ ಅದನ್ನು ಆ ವಾರ ಗೆಳತಿಯರಿಗೆ ಹೇಳಿದ್ದೆ.

ಕೇಕ್ ಮುಗಿದ ನಾಲ್ಕಾರು ದಿನಕ್ಕೆ ಬಟ್ಟೆ ಒಣಹಾಕಲು ಮಹಡಿ ಹತ್ತಿದಾಗ ವಠಾರದ ಆ ಹೆಂಗಸು ಅಂಗಳದಲ್ಲಿ ಕೂತು, ಒರಳಿನಲ್ಲಿ ಬಿಳಿಯದೇನನ್ನೋ ಅರೆಯುತ್ತಿದ್ದುದು ಕಾಣಿಸಿತು. ಪಕ್ಕದಲ್ಲಿ ಕಂದು ಕಾಗದದ ಕಟ್ಟು. ಅಕ್ಕಿಪೇಟೆಯಲ್ಲಿ ಈಗ ಅಕ್ಕಿಯನ್ನು ಹುಡುಕಬೇಕು. ಸಗಟು ಅಕ್ಕಿ ವ್ಯಾಪಾರದ ದೊಡ್ಡ ಪಾಲು ಯಶವಂತಪುರದ ಯಾರ್ಡಿಗೆ ಹೋಗಿದೆ, ಇಲ್ಲಿ ಸಾಲು ಸಾಲು ಸಗಟು ಔಷಧಿ ಮಳಿಗೆಗಳಿವೆ. ಲಾಕ್‌ಡೌನಿನಲ್ಲಿ ಬೀದಿಯೆಲ್ಲ ಮುಚ್ಚಿದ್ದರೂ ಔಷಧಿಯವರು ತೆರೆದಿದ್ದರು. ಮಾತ್ರೆ ಹಾಕಿಕೊಡುವ ಸಣ್ಣ ಕಾಗದದ ಕವರುಗಳನ್ನು ಈ ಹೆಂಗಸು ಮನೆಯಲ್ಲೇ ಮಡಚಿ ಅಂಟಿಸಿ, ಸಾವಿರಕ್ಕೆ ಇಷ್ಟು ಎಂಬ ಲೆಕ್ಕದಲ್ಲಿ ಕೊಡುತ್ತಿದ್ದರು. ಗಂಡನ ಹಮಾಲಿ ಕೆಲಸ ನಿಂತ ಮೇಲೆ ಮನೆಗೆ ಬರುತ್ತಿದ್ದ ದುಡ್ಡು ಅದೊಂದೇ.

ಕವರಿಗೆ ಅಂಟು ಬೇಕು. ಅಂಟು ಅಂದರೆ ಮೈದಾ. ನೀರಲ್ಲಿ ಕದಡಿ ಕುದಿಸಿ, ಹುಳ ಬೀಳದಿರಲೆಂದು ಚೂರು ಮೈಲುತುತ್ತ ಹಾಕಿದರೆ ವಾರ ಬರುತ್ತದೆ.

"ಏನಕ್ಕಾ ಅರೀತಿದೀರಾ?" ಎಂದೆ ಮೇಲಿನಿಂದ.

"ಅನ್ನ ಕಣಮ್ಮ. ಮೈದಾ ಎಲ್ಲೂ ಸಿಗ್ಲಿಲ್ಲ. ರೇಷನ್ ಅಕ್ಕಿ ಬೇಯಿಸಿ ಅರೆದು ಹಚ್ತಿದೀನಿ. ಇದು ನಿಲ್ಲಲ್ಲ, ಒಣಗಿದ್ರೆ ಬಿಟ್ಕೊಳತ್ತೆ. ದಪ್ಪ ಹಚ್ಬೇಕು, ಅದಕ್ಕೇ ಜಾಸ್ತಿ ಹೋಗ್ತಿದೆ."

ಬೈಗುಳವಲ್ಲ, ದೂರೂ ಅಲ್ಲ. ಕೇಳಿದ್ದಕ್ಕೆ ಹೇಳಿದರು, ಅಷ್ಟೆ. ನಾನು ಬಟ್ಟೆ ಹಾಕಿ ಇಳಿದು ಬಂದೆ.

ಮೈದಾ ಇಲ್ಲದಾಗ ಅವರೂ ನನ್ನ ಹಾಗೆ ಬದಲಿ ಹುಡುಕಿದ್ದರು. ಬೇಕಿಂಗ್ ಪೌಡರ್ ಬದಲಿಗೆ ಮೊಸರು ಹಾಕಿದ್ದಕ್ಕೆ ನಾನು ಕೊಟ್ಟ ಬೆಲೆ ಒಂದು ಪಕ್ಕ ಕುಸಿದ ಕೇಕು. ಮೈದಾ ಬದಲಿಗೆ ಅನ್ನ ಹಾಕಿದ್ದಕ್ಕೆ ಅವರು ಕೊಟ್ಟದ್ದು ಮಕ್ಕಳ ತಟ್ಟೆಯ ಒಂದು ಹಿಡಿ. ಬದಲಿ ಎಂಬುದು ಒಂದೊಂದೇ ಮೆಟ್ಟಿಲಾಗಿ ಕೆಳಗಿಳಿಯುತ್ತದೆ. ಮೇಲಿನ ಮೆಟ್ಟಿಲಲ್ಲಿ ಅದು ರುಚಿಯ ಪ್ರಶ್ನೆ, ಕೆಳಗೆ ಹೋದಂತೆ ಊಟದ್ದು. ಯುದ್ಧಕಾಲದ ರವೆ ಇಡ್ಲಿಯ ಕತೆ ಹೇಳುವಾಗ, ಆ ವರ್ಷ ರವೆಯನ್ನೂ ಕೊಳ್ಳಲಾಗದವರು ಏನು ತಿಂದರು ಎಂದು ನಾನು ಕೇಳಿಕೊಂಡಿರಲಿಲ್ಲ.

ಹಾಗಾದರೆ ತಪ್ಪು ಎಲ್ಲಿದೆ? ಆ ಸಮಯದಲ್ಲಿ ಒಂದು ಸುಲಭದ ಉತ್ತರ ಓಡಾಡುತ್ತಿತ್ತು: ಜನ ಹೆದ್ದಾರಿಗಳಲ್ಲಿ ಮೂಟೆ ಹೊತ್ತು ನಡೆಯುತ್ತಿರುವಾಗ ಕೇಕ್ ಮಾಡುವುದೇ ಅಸಹ್ಯ ಎಂಬುದು. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಹಸಿವೊಂದೇ ಅಗತ್ಯ, ಉಳಿದದ್ದೆಲ್ಲ ಶೋಕಿ ಎಂದುಬಿಟ್ಟರೆ ಅಪ್ಪನ ಅರವತ್ತು ವರ್ಷಕ್ಕೆ ಏನೂ ಮಾಡದಿರುವುದೇ ಧರ್ಮವಾಗುತ್ತದೆ. ಹಾಗೆ ಬದುಕಿದ ಸಮಾಜ ಯಾವುದೂ ಇಲ್ಲ. ಬಡವರ ಮನೆಯಲ್ಲೂ ನಾಮಕರಣಕ್ಕೆ ಪಾಯಸ ಕುದಿಯುತ್ತದೆ.

ಮೈದಾ ನಿಜಕ್ಕೂ ಕಡಿಮೆ ಇತ್ತೇ ಎಂಬುದೂ ಒಂದು ಪ್ರಶ್ನೆ. ಅದೇ ದಿನಗಳಲ್ಲಿ ಬ್ರಿಟನ್ನಿನಲ್ಲೂ ಹಿಟ್ಟು ಸಿಗುತ್ತಿರಲಿಲ್ಲ. ಅಲ್ಲಿ ಗಿರಣಿಗಳಲ್ಲಿ ಹಿಟ್ಟಿಗೆ ಬರವಿರಲಿಲ್ಲ, ಬರವಿದ್ದದ್ದು ಸಣ್ಣ ಚೀಲಗಳಿಗೆ. ಅಲ್ಲಿನ ಹಿಟ್ಟಿನಲ್ಲಿ ಮನೆಬಳಕೆಯ ಚೀಲಗಳಲ್ಲಿ ಮಾರಾಟವಾಗುತ್ತಿದ್ದದ್ದು ಶೇಕಡ 4ರಷ್ಟು ಮಾತ್ರ, ಉಳಿದದ್ದು ಬೇಕರಿ, ಕಾರ್ಖಾನೆಗಳಿಗೆ. ನಮ್ಮಲ್ಲಿ ಗಿರಣಿಗೆ ಆಳಿಲ್ಲ, ಲಾರಿಗೆ ಚಾಲಕರಿಲ್ಲ. ಇದ್ದೂ ಸಿಗದಿರುವುದು ಬೇರೆ, ಇಲ್ಲದಿರುವುದು ಬೇರೆ. ಅಮರ್ತ್ಯ ಸೇನ್ 1981ರಲ್ಲಿ ಪ್ರಕಟವಾದ 'ಪಾವರ್ಟಿ ಅಂಡ್ ಫ್ಯಾಮಿನ್ಸ್'ನಲ್ಲಿ 1943ರ ಬಂಗಾಳದ ಕ್ಷಾಮದ ಬಗ್ಗೆ ವಾದಿಸಿದ್ದು ಇದನ್ನೇ: ಜನ ಸಾಯುವುದು ಅನ್ನವಿಲ್ಲದೆ ಎನ್ನುವುದಕ್ಕಿಂತ, ಇರುವ ಅನ್ನ ಕೈಗೆ ಎಟುಕದೆ. ಈ ವಾದ ನನ್ನ ಪಾಲಿಗೆ ಒಳ್ಳೆಯ ಆಶ್ರಯವಾಗಬಹುದಿತ್ತು. ತಪ್ಪು ವ್ಯವಸ್ಥೆಯದು, ನನ್ನ ಅರ್ಧ ಕಿಲೋದ್ದಲ್ಲ! ಆದರೆ ಆ ಸಾಲಿನಲ್ಲಿ, ಆ ಬೆಳಿಗ್ಗೆ, ಎಟುಕದಂತೆ ಮಾಡಿದ ಕೈ ನನ್ನದೇ.

ಸೇನ್ ಅವರದೇ ಇನ್ನೊಂದು ಪುಸ್ತಕ, 2009ರ 'ದಿ ಐಡಿಯಾ ಆಫ್ ಜಸ್ಟಿಸ್'ನಲ್ಲಿ ಮೂರು ಮಕ್ಕಳು ಒಂದು ಕೊಳಲಿಗಾಗಿ ಜಗಳವಾಡುತ್ತಾರೆ. ಒಬ್ಬಳಿಗೆ ನುಡಿಸಲು ಬರುತ್ತದೆ, ಒಬ್ಬನಿಗೆ ಬೇರೆ ಆಟಿಕೆಯೇ ಇಲ್ಲ, ಇನ್ನೊಬ್ಬಳು ಆ ಕೊಳಲನ್ನು ಮಾಡಿದವಳು. ಯಾರಿಗೆ ಕೊಡಬೇಕು? ಮೂವರ ಪರವಾಗಿಯೂ ಗಟ್ಟಿಯಾದ ಕಾರಣವಿದೆ. ನಮ್ಮ ಶೆಟ್ಟರು ಈ ಪುಸ್ತಕ ಓದಿದವರಲ್ಲ. ಆದರೆ ಅವರ ಮುಂದೆ ದಿನಾ ಐವತ್ತು ಮಕ್ಕಳು ಒಂದು ಕೊಳಲಿಗೆ ನಿಂತಿರುತ್ತಿದ್ದರು. "ನಿನಗ್ಯಾಕಮ್ಮ ಮೈದಾ?" ಎಂದು ಒಬ್ಬೊಬ್ಬರನ್ನೂ ಕೇಳಿ, ತೂಗಿ ಕೊಡಬಹುದಿತ್ತೇ? ನನಗೆ ಹಾಗನ್ನಿಸುವುದಿಲ್ಲ. ಬೀದಿಯವರೆಲ್ಲರ ಎದುರು ತನ್ನ ಬಡತನವನ್ನು ರುಜುವಾತು ಮಾಡಿ ಪ್ಯಾಕೆಟ್ ಪಡೆಯುವ ಸ್ಥಿತಿ ಆ ಹೆಂಗಸಿಗೆ ಬರಬಾರದು. ಕಾರ್ಡಿನ ಹಿಂದೆ ಅಲೆದವರಿಗೆಲ್ಲ ಆ ಅವಮಾನ ಗೊತ್ತು. ತಲೆಗೆ ಒಂದು ಎಂಬ ನಿಯಮ ಕುರುಡು. ಕುರುಡಾದ್ದರಿಂದಲೇ ಅದರಲ್ಲಿ ಒಂದು ಮರ್ಯಾದೆ ಇದೆ.

ಮಾರುವವರು ಕೇಳಬಾರದು, ಸರಿ. ಕೊಳ್ಳುವವಳು? ನಾನು ಜಾರಿದ್ದು ಇಲ್ಲಿ. ನಿಯಮ ಶೆಟ್ಟರ ಕೆಲಸವನ್ನು ಮುಗಿಸುತ್ತದೆ, ನನ್ನದನ್ನಲ್ಲ. ಅವರು ಕೇಳದೆ ಬಿಟ್ಟ ಪ್ರಶ್ನೆ, ಹಿಂದೆ ಯಾರಿದ್ದಾರೆ, ಅವರಿಗೆ ಏಕೆ ಬೇಕು ಎಂಬುದು, ನನ್ನ ಪಾಲಿಗೆ ಉಳಿದಿತ್ತು. ಊರು ಕೇರಿ ಗೊತ್ತಿಲ್ಲದವರ ಸಾಲಾಗಿದ್ದರೆ ಬೇರೆ ಮಾತು. ಇದು ದಿನಾ ಮುಖ ನೋಡುವವರ ಸಾಲು. ತಮ್ಮನನ್ನು ಅಪರಿಚಿತನಂತೆ ನಿಲ್ಲಿಸಿದ್ದು ಶೆಟ್ಟರ ಕಣ್ಣಿಗೆ ಮಣ್ಣೆರಚಲು ಎಂದುಕೊಂಡಿದ್ದೆ. ಅವರಿಗೆ ಅವನು ಹುಟ್ಟಿದಾಗಿನಿಂದ ಗೊತ್ತು. ಅವರು ಮಾತಾಡಲಿಲ್ಲ, ಅಷ್ಟೆ. ಇಬ್ಬರು ಬಂದರೆ ಎರಡು ತಲೆ ತಾನೇ.

ಆಯ್ದಕ್ಕಿ ಮಾರಯ್ಯ, ಲಕ್ಕಮ್ಮರ ಕತೆ ಶಾಲೆಯಲ್ಲಿ ಓದಿದ್ದು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ನೆಲಕ್ಕೆ ಬಿದ್ದ ಅಕ್ಕಿ ಆಯ್ದು ತಂದು ದಾಸೋಹ ನಡೆಸುತ್ತಿದ್ದ ದಂಪತಿ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಹೆಚ್ಚಿನದನ್ನು ಎಲ್ಲಿಂದ ತಂದೆಯೋ ಅಲ್ಲೇ ಸುರಿದು ಬಾ ಎಂದಳು ಲಕ್ಕಮ್ಮ. ಚಿಕ್ಕಂದಿನಲ್ಲಿ ನನಗೆ ಇದು ವಿಚಿತ್ರವಾಗಿತ್ತು. ಅವನು ಕದ್ದಿಲ್ಲ, ಯಾರನ್ನೂ ತಳ್ಳಿಲ್ಲ, ಬೀದಿಯಲ್ಲಿ ತಡೆದವರೂ ಇಲ್ಲ. ಈಗ ಗಮನಿಸುವುದು ಬೇರೆ: ಆ ಪ್ರಶ್ನೆ ಎದ್ದದ್ದು ಮನೆಯೊಳಗೆ, ಬೇಯಿಸಬೇಕಾದವಳ ಬಾಯಲ್ಲಿ. ನಮ್ಮ ಮನೆಯಲ್ಲಿ ಎರಡು ಪ್ಯಾಕೆಟ್ ಕಂಡಾಗ ಎಲ್ಲರಿಗೂ ಖುಷಿಯಾಗಿತ್ತು.

ಮೈದಾ ಡಬ್ಬಿ ಹಿಡಿದು ವಠಾರಕ್ಕೆ ಇಳಿಯಲು ನನಗೆ ಎರಡು ದಿನ ಬೇಕಾಯಿತು. ಸೋಂಕಿನ ಭಯ ಎಂದು ಅಮ್ಮನಿಗೆ ಹೇಳಿದೆ. ನಿಜವಾಗಿ, ಕೊಡುವಾಗ ಏನು ಹೇಳಲಿ ಎಂಬುದೇ ಚಿಂತೆ. "ನಮ್ಮಲ್ಲಿ ಉಳಿದಿತ್ತು" ಎಂದರೆ ದಾನಿಯಾಗುತ್ತೇನೆ. ಆದದ್ದನ್ನು ಹೇಳಿದರೆ ಅವರು ನನ್ನನ್ನು ಸಮಾಧಾನ ಮಾಡಬೇಕಾಗುತ್ತದೆ. ಕೊನೆಗೆ, "ಅವತ್ತು ನಿಮ್ಮ ಮುಂದೆ ತೊಗೊಂಡಿದ್ದು" ಎಂದಷ್ಟೇ ಹೇಳಿ, ಬಾಗಿಲ ಬಳಿ ಡಬ್ಬಿ ಇಟ್ಟು ದೂರ ನಿಂತೆ.

ಅವರು ಮುಚ್ಚಳ ತೆಗೆದು ಮೂಸಿದರು, ಬೆರಳಲ್ಲಿ ಕೆದಕಿದರು. "ಗೊತ್ತು ಬಿಡಮ್ಮ, ನಿನ್ ತಮ್ಮ ತಾನೆ" ಎಂದರು. ಆಮೇಲೆ, "ಹುಳ ಬಿದ್ದಿಲ್ಲ. ಬಿದ್ದಿದ್ರೂ ಅಂಟಿಗೆ ನಡಿಯೋದು. ಡಬ್ಬಿ ಸಾಯಂಕಾಲ ಕೊಡ್ಲಾ?"